ಸಾಕಿ ಕೊಡುವ ಧರ್ಮ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಬಾಲಿಕೆಯರ ನಡೆನುಡಿ, ಇವುಗಳಲ್ಲೊಂದನ್ನು ಕುರಿತದ್ದಾಗಿರುವುದು ವಾಡಿಕೆ. ಈ ಸಲ ನಾನು ನಾಯಿಮರಿಗಳನ್ನು ಕುರಿತು ಬರೆಯಲು ಹೊರಟಿರುವುದನ್ನು ಕಂಡು ಕೆಲವರು ನಗಬಹುದು. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ 2024ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಬೋರ್ಡಿಂಗಿನಲ್ಲಿ ನಡೆದ ಒಂದು ಸಂಗತಿಯ ವಿಷಯವಾಗಿ ಕೆಲವರು ತಂದೆತಾಯಿಗಳು ನನಗೆ ಅಸಮಾಧಾನದ ಪತ್ರಗಳನ್ನು ಬರೆದಿದ್ದರು. ಅವರಿಗೆ ಆಗಲೇ ಉತ್ತರ ಕೊಟ್ಟೆನಾದರೂ, ವಿಷಯವು ಎಲ್ಲರೂ ಆಲೋಚಿಸತಕ್ಕದ್ದೆಂದು ತೋರಿದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬಹಿರಂಗವಾಗಿ ತಿಳಿಸುತ್ತೇನೆ.

ನಡೆದದ್ದು ಇಷ್ಟು. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಬೀದಿನಾಯಿಯು ಅಡುಗೆಮನೆಯ ಹಿಂದಿನ ಸೌದೆಯ ಕೊಟ್ಟಿಗೆಯನ್ನು ಹೊಕ್ಕು ಏಳು ಮರಿಗಳನ್ನು ಹಾಕಿತು. ಜವಾನನು ಬಂದು, "ಅಮ್ಮಾವರೇ, ಗೋಣಿಚೀಲ ತರಲೇ?" ಎಂದು ಕೇಳಿದನು. ಆ ಪ್ರಶ್ನೆಯ ಅರ್ಥವು ನನಗೆ ಚೆನ್ನಾಗಿ ತಿಳಿದಿತ್ತು. ಏಕೆಂದರೆ 2016ರಲ್ಲಿ ಇದೇ ಕೊಟ್ಟಿಗೆಯಲ್ಲಿ ಇನ್ನೊಂದು ನಾಯಿಯು ಮರಿ ಹಾಕಿದಾಗ, ಅವುಗಳನ್ನು ಚೀಲದಲ್ಲಿ ತುಂಬಿ ಸಂತೆಯ ಮೈದಾನದ ಆಚೆ ಬಿಟ್ಟುಬರುವಂತೆ ಅಪ್ಪಣೆ ಕೊಟ್ಟವಳು ನಾನೇ. ಅವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮುಂದೆ ಅವುಗಳ ಗತಿಯೇನಾಯಿತೆಂದು ನಾನು ವಿಚಾರಿಸಲಿಲ್ಲ, ತಿಳಿಯಬಾರದೆಂದೇ ವಿಚಾರಿಸಲಿಲ್ಲ. ತಾಯಿನಾಯಿಯು ನಾಲ್ಕು ದಿವಸ ಕೊಟ್ಟಿಗೆಯ ಸುತ್ತಲೂ ಮೂಸುತ್ತ ತಿರುಗುತ್ತಿದ್ದುದನ್ನು ಮಾತ್ರ ನನ್ನ ಕೋಣೆಯ ಕಿಟಕಿಯಿಂದ ಕಂಡಿದ್ದೆನು. ಆ ವಾರದ ಭಾನುವಾರ ದೇವಾಲಯದಲ್ಲಿ ಕರುಣೆಯನ್ನು ಕುರಿತ ಪ್ರಸಂಗವನ್ನು ಮಕ್ಕಳೊಡನೆ ಕುಳಿತು ಕೇಳಿದೆನು. ಆದುದರಿಂದ ಎಂಟು ವರ್ಷಗಳ ಮೇಲೆ ಅದೇ ಪ್ರಶ್ನೆಯು ತಿರುಗಿ ಬಂದಾಗ, "ಚೀಲ ಬೇಡಪ್ಪ, ಹಳೆಯ ಕಂಬಳಿಯಿದ್ದರೆ ತಾ" ಎಂದೆನು.

ಬೋರ್ಡಿಂಗಿನ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಎಂಟು ಮಂದಿ ಹುಡುಗಿಯರು, ಮನೆಯಿಂದ ಒಪ್ಪಿಗೆಯ ಪತ್ರ ತರಿಸಿಕೊಂಡು, ಆರೈಕೆಯ ಕೆಲಸಕ್ಕೆ ನಿಂತರು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಆಟದ ತರುವಾಯ ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಪಶುವೈದ್ಯರು ಹೇಳಿದಂತೆ ನಡೆಯತಕ್ಕದ್ದು, ಕೊಟ್ಟಿಗೆಯಿಂದ ಹೊರಬಂದೊಡನೆ ಸಾಬೂನಿನಿಂದ ಕೈತೊಳೆಯತಕ್ಕದ್ದು, ಮರಿಗಳಿಗೆ ಹೆಸರಿಡಕೂಡದು. "ಹೆಸರಿಟ್ಟರೆ ಬಿಟ್ಟುಕೊಡಲಾರಿರಿ" ಎಂದು ಎಚ್ಚರಿಸಿದೆನು. ಮೊದಲಿನ ಎರಡು ನಿಯಮಗಳನ್ನು ಅವರು ಚೆನ್ನಾಗಿ ಪಾಲಿಸಿದರು. ಮೂರನೆಯದರ ವಿಷಯದಲ್ಲಿ ನಾನು ಕಿವಿ ಕೇಳದವಳಂತೆ ನಟಿಸಬೇಕಾಯಿತು.

ನಾಯಿಮರಿಯು ಹುಟ್ಟುವಾಗ ಕುರುಡಾಗಿಯೂ ಕಿವುಡಾಗಿಯೂ ಇರುತ್ತದೆ. ಕಣ್ಣು ತೆರೆಯಬೇಕಾದರೆ 10ರಿಂದ 14 ದಿನಗಳು ಬೇಕು. ಕಿವಿಯು ಕೇಳುವುದು ಅದಕ್ಕೂ ತಡವಾಗಿ. ಮೊದಲ ವಾರಗಳಲ್ಲಿ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಈ ಕಡೆಯ ಮಾತನ್ನು ನಾವು ಕಲಿತದ್ದು ಒಂದು ಮರಿಯನ್ನು ಕಳೆದುಕೊಂಡ ಮೇಲೆ. ಮೂರನೆಯ ರಾತ್ರಿ ಎಲ್ಲಕ್ಕಿಂತ ಚಿಕ್ಕ ಮರಿಯು ಗುಂಪಿನಿಂದ ಉರುಳಿ ದೂರ ಬಿದ್ದು ತಣ್ಣಗಾಗಿತ್ತು. ಅದು ಹಸಿದಿದೆಯೆಂದು ಎಣಿಸಿ ಹುಡುಗಿಯರು ಹಸುವಿನ ಹಾಲನ್ನು ಬಿಟ್ಟರು. ಬೆಳಗಾಗುವುದರೊಳಗೆ ಅದು ಸತ್ತಿತು. ತಣ್ಣಗಾದ ಮರಿಗೆ ಮೊದಲು ಮೆಲ್ಲಮೆಲ್ಲನೆ ಶಾಖ ಕೊಡಬೇಕು, ಮೈ ಬಿಸಿಯಾದ ಮೇಲಲ್ಲದೆ ಹಾಲು ಕೊಡಬಾರದು, ತಣ್ಣಗಿರುವ ಹೊಟ್ಟೆಯು ಅದನ್ನು ಅರಗಿಸಲಾರದು ಎಂದು ವೈದ್ಯರು ಆಮೇಲೆ ತಿಳಿಸಿದರು. ಅದಲ್ಲದೆ ಹಸುವಿನ ಹಾಲಿಗಿಂತ ನಾಯಿಯ ಹಾಲಿನಲ್ಲಿ ಕೊಬ್ಬೂ ಸಾರಜನಕಾಂಶವೂ ಬಹಳ ಹೆಚ್ಚು. ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು. ಪ್ರೀತಿಯೊಂದೇ ಸಾಲದು, ತಿಳುವಳಿಕೆಯೂ ಬೇಕು ಎಂಬುದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದುಂಟು. ಅದನ್ನು ಆ ಮಕ್ಕಳು ಮರೆಯದಂತೆ ಕಲಿತದ್ದು ಹಲಸಿನ ಮರದ ಕೆಳಗೆ ಒಂದು ಚಿಕ್ಕ ಗುಂಡಿಯನ್ನು ತೋಡಿದ ಆ ಬೆಳಗ್ಗೆ.

ಉಳಿದ ಆರು ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಚೆನ್ನಾಗಿ ಬೆಳೆಯುವ ಮರಿಯು ಹತ್ತು ದಿನಗಳಷ್ಟರಲ್ಲಿ ಹುಟ್ಟಿದಾಗಿನ ತೂಕದ ಇಮ್ಮಡಿಯಾಗುತ್ತದೆ. ಯಾವುದಾದರೂ ಒಂದರ ತೂಕವು ನಿಂತುಹೋದರೆ ಕಾಯಿಲೆಯ ಮೊದಲ ಗುರುತು ಅದೇ. ತಾಯಿಗೆ ಎಂದಿನದಕ್ಕಿಂತ ಎರಡು ಮೂರು ಪಾಲು ಹೆಚ್ಚು ಆಹಾರ ಬೇಕಾಯಿತು. ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಜಂತುಹುಳದ ಮದ್ದು; ನಾಲ್ಕನೆಯ ವಾರದಿಂದ ಉಪ್ಪು, ಈರುಳ್ಳಿ ಸೇರಿಸದೆ ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆ, ಕೋಳಿಯ ಸಾರು. ಈರುಳ್ಳಿಯು ನಾಯಿಯ ರಕ್ತವನ್ನು ಕೆಡಿಸುವ ವಸ್ತುವೆಂಬುದನ್ನು ನಮ್ಮ ಅಡುಗೆಯಾಕೆಯು ನಂಬಲು ಎರಡು ದಿನ ಹಿಡಿಯಿತು.

ಇನ್ನು ಪತ್ರಗಳಲ್ಲಿದ್ದ ಆಕ್ಷೇಪಣೆಗಳಿಗೆ ಬರುತ್ತೇನೆ. ಅವು ಮೂರು ವಿಧವಾಗಿದ್ದವು.

ಮೊದಲನೆಯದು, ಹುಡುಗಿಯರ ಓದಿನ ಕಾಲವು ಹಾಳಾಗುತ್ತದೆ ಎಂಬುದು. ಆ ಎಂಟು ಮಂದಿಯಲ್ಲಿ ಒಬ್ಬಳೂ ಆ ಅವಧಿಯಲ್ಲಿ ಪಾಠವನ್ನು ತಪ್ಪಿಸಲಿಲ್ಲವೆಂದು ಹಾಜರಿಯ ಪುಸ್ತಕವೇ ಹೇಳುತ್ತದೆ. ಇದಕ್ಕಿಂತ ಹೆಚ್ಚಿನ ಉತ್ತರವು ಬೇಕಿಲ್ಲ.

ಎರಡನೆಯದು, ನಾಯಿಯು ಮೈಲಿಗೆಯ ಪ್ರಾಣಿ, ಅದನ್ನು ಮಡಿಲಲ್ಲಿ ಎತ್ತಿಕೊಳ್ಳುವುದು ಸಭ್ಯ ಮನೆತನದ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ ಎಂಬುದು. ಸತ್ಯವೇದದಲ್ಲಿಯೂ ನಾಯಿಯ ಹೆಸರು ಹೆಚ್ಚಾಗಿ ತಿರಸ್ಕಾರದ ಮಾತಾಗಿಯೇ ಬರುತ್ತದೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರನ ಬಳಿಗೆ ಬಂದವು ನಾಯಿಗಳೇ ಎಂಬುದೂ ಅದೇ ಗ್ರಂಥದಲ್ಲಿದೆ. ಮಹಾಭಾರತದ ಧರ್ಮರಾಯನು ಸ್ವರ್ಗದ ಬಾಗಿಲಲ್ಲಿ ನಿಂತು, ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲೊಲ್ಲೆನೆಂದ ಕಥೆಯನ್ನು ನಮ್ಮ ಹಿಂದೂ ಸಹೋದರ ಸಹೋದರಿಯರಿಗೆ ನಾನು ನೆನಪು ಮಾಡಿಕೊಡಬೇಕಾದ್ದಿಲ್ಲ.

ಮೂರನೆಯದು, ಹುಚ್ಚುನಾಯಿಯ ರೋಗದ ಭಯ. ಇದನ್ನು ನಾನು ಎಷ್ಟು ಮಾತ್ರಕ್ಕೂ ಹಗುರವಾಗಿ ಎಣಿಸುವುದಿಲ್ಲ. ಆ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. 1885ರಲ್ಲಿ ಲೂಯಿ ಪಾಸ್ಚರನು ಮೊಟ್ಟಮೊದಲು ಒಬ್ಬ ಬಾಲಕನಿಗೆ ಮದ್ದು ಚುಚ್ಚಿ ಉಳಿಸಿದನು. ನಮ್ಮ ದಕ್ಷಿಣ ದೇಶದಲ್ಲಿ 1907ರಲ್ಲಿ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದುಗಳೆಂಬ ಹಿರಿಯರ ಮಾತು ಇಂದಿಗೂ ಜನರನ್ನು ಹೆದರಿಸುತ್ತದೆ. ಈಗ ಹಾಗಿಲ್ಲ, ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು. ಆದರೆ ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಿಯ ಹಲ್ಲು ತಾಗಿದರೂ ಇದೇ ನಿಯಮ. ಅರಿಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಿ ಸುಮ್ಮನೆ ಕೂರುವ ಮನೆಗಳು ಈಗಲೂ ಇವೆ. ಹುಡುಗಿಯರನ್ನು ನಾಯಿಗಳಿಂದ ದೂರವಿಟ್ಟರೆ ಈ ಭಯವು ಹೋಗುವುದಿಲ್ಲ. ಅವರು ನಾಳೆ ತಾಯಂದಿರಾಗಿ ಅರಿಸಿನದ ಡಬ್ಬಿಗೆ ಕೈಹಾಕುವರು. ನಮ್ಮ ಎಂಟು ಮಂದಿಯಾದರೋ ನಲ್ಲಿಯ ಕಡೆಗೆ ಓಡುವರು.

ಇಲ್ಲಿಯವರೆಗೆ ಹೇಳಿದ್ದು ಸಾಕುವ ಮಾತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕೊಡುವ ಮಾತು. ಸಾಕುವುದು ಎಂಟು ವಾರಗಳ ಕೆಲಸ. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಆದುದರಿಂದ ಮರಿಗೆ ನಾವು ಮಾಡುವ ಉಪಕಾರವಾಗಲಿ ಅಪಕಾರವಾಗಲಿ ಹೆಚ್ಚಾಗಿ ಅದನ್ನು ಕೈದಾಟಿಸುವ ದಿನದಲ್ಲಿಯೇ ಅಡಗಿದೆ. ಜನರಾದರೋ ಕಣ್ಣು ಬಿಟ್ಟೊಡನೆಯೇ ಕೊಡಿರೆಂದು ಬರುತ್ತಾರೆ. ಹಾಗೆ ಕೊಡಬಾರದು. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲದಲ್ಲಿ ಮರಿಯು ಕಂಡದ್ದು ಕೇಳಿದ್ದು ಅದರ ಸ್ವಭಾವವನ್ನು ರೂಪಿಸುತ್ತದೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೇರಿಕದ ವಿದ್ವಾಂಸರು ಹಲವು ವರ್ಷ ನಾಯಿಗಳನ್ನು ಸಾಕಿ ಪರಿಶೀಲಿಸಿ 1965ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಡಹುಟ್ಟಿದವುಗಳ ಸಂಗಡ ಕಾದಾಡುವಾಗ ಎಷ್ಟು ಕಚ್ಚಿದರೆ ನೋವಾಗುವುದೆಂಬುದನ್ನು ಮರಿಯು ಕಲಿಯುತ್ತದೆ. ಆ ಪಾಠವು ಮುಗಿಯುವ ಮೊದಲೇ ತಾಯಿಯಿಂದ ಅಗಲಿಸಿದ ನಾಯಿಯು ಮುಂದೆ ಮನೆಯ ಮಕ್ಕಳನ್ನು ಕಚ್ಚಿದರೆ ತಪ್ಪು ಯಾರದು? ನಾವು ಎಂಟು ವಾರ ತುಂಬಿ, ಮೊದಲ ಲಸಿಕೆಯಾಗುವವರೆಗೆ ಒಂದನ್ನೂ ಕೊಡಲಿಲ್ಲ.

ಆರು ಮರಿಗಳಲ್ಲಿ ಎರಡು ಗಂಡು, ನಾಲ್ಕು ಹೆಣ್ಣು. ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ, ಮರಿ ಬೇಕಾದವರು ಬರಬಹುದೆಂದು ತಿಳಿಸಿದ್ದೆವು. ಹತ್ತು ಹನ್ನೆರಡು ಮಂದಿ ಬಂದರು. ಹುಡುಗಿಯರು ಮರಿಗಳನ್ನು ಸ್ನಾನ ಮಾಡಿಸಿ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದರು. ಬಂದವರೆಲ್ಲರ ಮೊದಲ ಪ್ರಶ್ನೆಯು ಒಂದೇ: "ಗಂಡೋ, ಹೆಣ್ಣೋ?" ಎರಡು ಗಂಡುಮರಿಗಳಿಗಾಗಿ ಐದಾರು ಮಂದಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬ ದೊಡ್ಡ ಮನುಷ್ಯರು ನಾಲ್ಕು ಹೆಣ್ಣುಮರಿಗಳನ್ನು ಬೆರಳಿನಿಂದ ತೋರಿಸಿ, "ಇವನ್ನು ಯಾರು ಒಯ್ಯುತ್ತಾರೆ ಮೇಡಂ? ಹೆಣ್ಣೆಂದರೆ ಮುಂದೆ ತಾಪತ್ರಯ. ಹುಟ್ಟಿದ ದಿವಸವೇ ಬಿಟ್ಟುಬರಬೇಕಾಗಿತ್ತು" ಎಂದರು. ಅವರು ಕೆಟ್ಟವರಲ್ಲ. ಆದರೆ ಅವರ ಮಾತನ್ನು ಕೇಳುತ್ತ ಕುಳಿತಿದ್ದವರು ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಕ್ಕಳೆಂಬುದು ಅವರ ಗಮನಕ್ಕೆ ಬರಲಿಲ್ಲ. ಆ ಸಾಯಂಕಾಲ ತೂಕದ ಪುಸ್ತಕವನ್ನು ನಾನು ತೆರೆದು ನೋಡಿದಾಗ, ಗಂಡು, ಹೆಣ್ಣು ಎಂದು ಬರೆದಿದ್ದ ಸಾಲನ್ನು ಯಾರೋ ರಬ್ಬರಿನಿಂದ ಅಳಿಸಿದ್ದರು. ಕೇಳಿದ್ದಕ್ಕೆ ಒಬ್ಬ ಹುಡುಗಿಯು ಎದ್ದು ನಿಂತು, "ಬಂದವರು ಮೊದಲು ಮರಿಯನ್ನು ನೋಡಲಿ ಅಂತ ಅಳಿಸಿದೆ, ಮೇಡಂ" ಎಂದಳು. ನಾನು ಅವಳನ್ನು ಗದರಿಸಲಿಲ್ಲ.

ಮುಂದಿನ ವಾರ ಹಾಗೆಯೇ ನಡೆಯಿತು. ತೋಟದ ಮನೆಯ ರೈತರೊಬ್ಬರು ಬಂದು ಕುಳಿತರು. ಒಂದು ಮರಿಯು ಅವರ ಪಾದದ ಮೇಲೆ ಮಲಗಿ ನಿದ್ದೆಹೋಯಿತು. ಬಹಳ ಹೊತ್ತಿನ ಮೇಲೆ ಅವರು, "ಇದು ಗಂಡೇನಮ್ಮ?" ಎಂದರು. "ಅಲ್ಲ, ಹೆಣ್ಣು" ಎಂದು ಹುಡುಗಿಯು ಹೇಳಿದಳು. ಅವರು ಸ್ವಲ್ಪ ಯೋಚಿಸಿ, "ಇರಲಿ ಬಿಡು, ನನ್ನ ಕಾಲನ್ನೇ ಬಿಡುವುದಿಲ್ಲವಲ್ಲ ಇದು" ಎಂದು ಎತ್ತಿಕೊಂಡರು.

ಹೆಣ್ಣುನಾಯಿಯ ತಾಪತ್ರಯವೆಂದು ಜನರು ಹೇಳುವುದು ಸುಳ್ಳಲ್ಲ. ವರ್ಷ ತುಂಬುವುದರೊಳಗೆ ಅದು ಬೆದೆಗೆ ಬರಬಹುದು. ಗರ್ಭದ ಅವಧಿಯು ಸುಮಾರು 63 ದಿನಗಳು ಮಾತ್ರ. ಒಂದು ಸಲಕ್ಕೆ ಐದಾರು ಮರಿಗಳು. ಆದರೆ ಈ ತೊಂದರೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೆಂಬ ಪರಿಹಾರವಿದೆ, ಅದು ಒಂದೇ ಸಲದ ಕೆಲಸ. ಅದೂ ಅಲ್ಲದೆ ಮರಿಗಳು ಹುಟ್ಟುವುದರಲ್ಲಿ ಗಂಡುನಾಯಿಯ ಪಾಲಿಲ್ಲವೇ? ಅದು ಮರಿಗಳನ್ನು ನಮ್ಮ ಅಂಗಳದಲ್ಲಿ ಹಾಕುವುದಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ನಿರಪರಾಧಿಯೆಂದು ಎಣಿಸುತ್ತೇವೆ. ಗಂಡಾಗಲಿ ಹೆಣ್ಣಾಗಲಿ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸುತ್ತೇವೆಂದು ಒಪ್ಪಿದವರಿಗೇ ಮರಿಯನ್ನು ಕೊಡಬೇಕೆಂಬುದು ನನ್ನ ಖಂಡಿತವಾದ ಅಭಿಪ್ರಾಯ.

ನಮ್ಮ ಕನ್ನಡ ನಾಡಿಗೆ ಈ ವಿಷಯದಲ್ಲಿ ಒಂದು ಹಳೆಯ ಕೀರ್ತಿಯುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಶಾಸನವು ಒಂದು ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನನ್ನು ಮೆಚ್ಚಿ, ಬೇಕಾದುದನ್ನು ಕೇಳೆಂದು ಗಂಗರ ಬೂತುಗನು ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಈ ಪಾಠವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಹಂದಿಯ ಕಾಳಗವನ್ನೇ ವರ್ಣಿಸುತ್ತೇವೆ. ನನಗೆ ಈಗ ದೊಡ್ಡದಾಗಿ ಕಾಣುವುದು ಅದಕ್ಕೆ ಮೊದಲಿನ ಮಾತು: ಏನನ್ನಾದರೂ ಕೇಳಬಹುದಾಗಿದ್ದವನು ಆ ನಾಯಿಯೇ ಬೇಕೆಂದು ಕೇಳಿ ಪಡೆದನು. ಅಂಥ ಕೈಗೆ ಹೋದ ನಾಯಿಯು ಪುಣ್ಯಮಾಡಿದ್ದೇ ಸರಿ.

ಹಾಗೆ ಕೇಳುವವರು ಯಾರೆಂದು ತಿಳಿಯುವುದಕ್ಕಾಗಿ ನಾವು ಐದು ಪ್ರಶ್ನೆಗಳನ್ನು ಗೊತ್ತುಮಾಡಿದೆವು. ಮಕ್ಕಳು ಶಾಲೆಗೆ ಹೋದ ಮೇಲೆ ಇದಕ್ಕೆ ಅನ್ನ ಹಾಕುವವರು ಯಾರು? ಮಳೆಯಲ್ಲಿ ಇದು ಎಲ್ಲಿ ಮಲಗುತ್ತದೆ? ಹಗಲೆಲ್ಲ ಸರಪಳಿಯಲ್ಲಿರುತ್ತದೆಯೇ? ಉಳಿದ ಲಸಿಕೆಗಳನ್ನೂ, ಮೂರನೆಯ ತಿಂಗಳಲ್ಲಿ ಹುಚ್ಚುರೋಗದ ಲಸಿಕೆಯನ್ನೂ ಹಾಕಿಸುವಿರಾ? ಸಾಕಲಾಗದೆ ಹೋದರೆ ಬೀದಿಗೆ ಬಿಡದೆ ನಮಗೆ ತಂದು ಒಪ್ಪಿಸುವಿರಾ?

ಈ ಪ್ರಶ್ನೆಗಳನ್ನು ನಾನು ಎಲ್ಲರಿಗೂ ಕೇಳಲಿಲ್ಲವೆಂಬುದು ನನ್ನ ಎರಡನೆಯ ತಪ್ಪು. ಒಂದು ಗಂಡುಮರಿಯನ್ನು ಊರಿನಲ್ಲಿ ಹೆಸರುಳ್ಳವರೊಬ್ಬರು ಕೇಳಿದರು. ಅವರಿಂದ ಶಾಲೆಗೆ ಉಪಕಾರವಾಗಿತ್ತು. ಅಂಥವರನ್ನು ಪ್ರಶ್ನಿಸುವುದು ಹೇಗೆಂದು ನಾನು ಸುಮ್ಮನೆ ಕೊಟ್ಟುಬಿಟ್ಟೆನು. ಎರಡನೆಯ ಲಸಿಕೆಯನ್ನು ಹಾಕಿಸಲಿಲ್ಲ. ಆರು ವಾರಗಳಲ್ಲಿ ಪಾರ್ವೋ ಎಂಬ ರೋಗದಿಂದ ವಾಂತಿಭೇದಿಯಾಗಿ ಆ ಮರಿಯು ಸತ್ತಿತೆಂದು ಕೇಳಿದೆನು. ಎಲ್ಲರೂ ಬೇಕೆಂದು ಕಿತ್ತಾಡಿದ ಮರಿಯು ಹೀಗಾಯಿತು. ಯಾರೂ ಬೇಡವೆಂದ ನಾಲ್ಕು ಹೆಣ್ಣುಮರಿಗಳು, ಒಂದೊಂದಕ್ಕೂ ಮನೆಯನ್ನು ಹುಡುಕಿ, ಪ್ರಶ್ನೆ ಕೇಳಿ, ತಡಮಾಡಿ ಕೊಟ್ಟದ್ದರಿಂದ, ನಾನು ಇದನ್ನು ಬರೆಯುವ ಹೊತ್ತಿಗೆ ನಾಲ್ಕೂ ಸುಖವಾಗಿವೆ. ಆ ಹುಡುಗಿಯರು ಈ ಎರಡು ಸಂಗತಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ನಾನು ವಿವರಿಸಬೇಕಾಗಲಿಲ್ಲ.

ಆ ನಾಲ್ಕರಲ್ಲಿ ಒಂದು ಮೂರು ವಾರಗಳಲ್ಲಿ ಹಿಂದಕ್ಕೆ ಬಂದಿತ್ತು. ಬಾಡಿಗೆ ಮನೆಯ ಯಜಮಾನರು ಒಪ್ಪಲಿಲ್ಲವೆಂದು ಒಬ್ಬ ತಂದೆಯು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದು, ತಲೆತಗ್ಗಿಸಿ, "ದಾರಿಯಲ್ಲಿ ಬಿಡಲು ಮನಸ್ಸು ಬರಲಿಲ್ಲ ಮೇಡಂ, ಮಾತು ಕೊಟ್ಟಿದ್ದೆನಲ್ಲ" ಎಂದರು. ಅವರು ನಾಚಿಕೆಪಡಬೇಕಾದದ್ದು ಏನೂ ಇರಲಿಲ್ಲ. ಆರು ಮನೆಗಳವರಲ್ಲಿ ಅವರಿಗಿಂತ ಹೆಚ್ಚಿನ ಗೌರವಕ್ಕೆ ಪಾತ್ರರಾದವರನ್ನು ನಾನು ಕಾಣೆನು. ಆ ಮರಿಯು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯೂ ನಿವೃತ್ತ ದಾದಿಯೂ ಆದ ಒಬ್ಬರ ಮನೆಯಲ್ಲಿದೆ. ತಾಯಿನಾಯಿಗೆ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿದ ಮೇಲೆ ಅದು ನಮ್ಮ ಅಡುಗೆಯಾಕೆಯ ಮನೆಯನ್ನು ಸೇರಿತು.

ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಪ್ರಕಾರ ಅಪರಾಧ. ಶಾಲೆ ಆಸ್ಪತ್ರೆಗಳ ಆವರಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆಜ್ಞೆ ಮಾಡಿದಾಗ ದೇಶವೆಲ್ಲ ಎರಡು ಪಕ್ಷವಾಗಿ ವಾದಿಸಿತು. ಆ ವಾದದಲ್ಲಿ ನಾನು ಸೇರುವುದಿಲ್ಲ. ನನ್ನ ಮಾತಿಷ್ಟೇ: ಇಂದು ಬೀದಿಯಲ್ಲಿರುವ ಎಷ್ಟೋ ನಾಯಿಗಳು, ಅಥವಾ ಅವುಗಳ ತಾಯಂದಿರು, ಯಾವುದೋ ಒಂದು ಮನೆಯ ಗೋಣಿಚೀಲದಿಂದ ಬಂದವು. ಆ ಚೀಲಗಳಲ್ಲಿ ಒಂದು ನನ್ನದು.

ಹೆಣ್ಣುಮಕ್ಕಳನ್ನು ನಾಯಿಮರಿಗಳಿಗೆ ಹೋಲಿಸುವ ಅವಿವೇಕವು ನನಗಿಲ್ಲ. ಆದರೆ ಮನೆಯಲ್ಲಿ ಕೈಗೆ ಹತ್ತಿದ ಅಭ್ಯಾಸವು ದೊಡ್ಡದರಲ್ಲಿಯೂ ಚಿಕ್ಕದರಲ್ಲಿಯೂ ಒಂದೇ ಆಗಿರುತ್ತದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಕೊಟ್ಟ ಮೇಲೆ ವಿಚಾರಿಸದಿರುವುದು, ತಿರುಗಿ ಬಂದರೆ ಅವಮಾನವೆಂದು ಎಣಿಸುವುದು, ಕೊಡುವ ಮೊದಲು ದೊಡ್ಡವರನ್ನು ಪ್ರಶ್ನಿಸಲು ಅಂಜುವುದು, ಇವು ನಾಯಿಮರಿಯ ವಿಷಯದಲ್ಲಿಯೇ ಇಷ್ಟು ಕೇಡನ್ನು ಮಾಡಿದರೆ, ಉಳಿದ ವಿಷಯಗಳಲ್ಲಿ ಏನು ಮಾಡುತ್ತವೆಂಬುದನ್ನು ಓದುಗರೇ ಯೋಚಿಸಲಿ. ಕೊಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ. ಕೊಡುವ ಮೊದಲು ಕೇಳಬೇಕು. ಕೊಟ್ಟ ಮೇಲೆ ಹೋಗಿ ನೋಡಬೇಕು. ತಿರುಗಿ ಬರುವುದಾದರೆ ಬಾಗಿಲು ತೆರೆದಿರಬೇಕು.

ತಾಯಿತಂದೆಗಳೇ, ನಿಮ್ಮ ಮನೆಯ ಹಿತ್ತಲಲ್ಲಿ ನಾಯಿಯೊಂದು ಮರಿ ಹಾಕಿದರೆ, ಎಂಟು ವಾರ ತಾಳಿಕೊಳ್ಳಿರಿ. ಮಗಳ ಕೈಯಲ್ಲಿ ತಕ್ಕಡಿಯನ್ನೂ ಪುಸ್ತಕವನ್ನೂ ಕೊಡಿರಿ. ಬಂದವರನ್ನು ಪ್ರಶ್ನಿಸುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮನ್ನು ಈ ಶಾಲೆಯಿಂದ ಕಳುಹಿಸಿಕೊಡುವಾಗ ನಾವು ಐದು ಪ್ರಶ್ನೆಗಳನ್ನು ಯಾರಿಗೂ ಕೇಳಲಿಲ್ಲ. ಕೇಳುವ ಅಧಿಕಾರವೂ ನಮಗಿರಲಿಲ್ಲ. ಆದರೆ ಕಡೆಯ ಪ್ರಶ್ನೆಯ ಉತ್ತರವು ನಮ್ಮ ಕೈಯಲ್ಲಿದೆ. ಯಾವ ಕಾಲದಲ್ಲಾದರೂ, ಯಾವ ಕಾರಣದಿಂದಾದರೂ, ಬರಬೇಕೆನ್ನಿಸಿದಾಗ ಬನ್ನಿರಿ. ಬೋರ್ಡಿಂಗಿನ ಹಿಂದಿನ ಬಾಗಿಲು ರಾತ್ರಿ ಒಂಬತ್ತಕ್ಕೆ ಹಾಕುತ್ತದೆ, ತಟ್ಟಿದರೆ ತೆರೆಯುತ್ತದೆ. ಕರ್ತನು ನಿಮ್ಮೆಲ್ಲರನ್ನೂ ಕಾಪಾಡಲಿ.